ಜೀಪಿಗೆ ಹಾಕಿದ ಅರಿಶಿನ

ಜೀಪಿನ ಕೆಳಗೆ ಅಂಗೈಯಗಲ ಒದ್ದೆಯಾದದ್ದನ್ನು ಮೊದಲು ಕಂಡವಳು ತಾನೇ ಎಂದು ಜ್ಯೋತಿಲಕ್ಷ್ಮಿ ಬಹಳ ದಿನ ತಿಳಿದುಕೊಂಡಿದ್ದಳು. ಅಂದು ಸೋಮವಾರ. ಮಾರನೆಯ ಬೆಳಗ್ಗೆ ಆರಕ್ಕೆಲ್ಲ ಅದೇ ಜೀಪಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಸಾಸ್ವೆಹಳ್ಳಿ ಬಿಡಬೇಕಿತ್ತು. ಅತ್ತೆ ಉಡಚಮ್ಮನ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷ. ಮಂಗಳವಾರ, ಶುಕ್ರವಾರ ತಪ್ಪದೆ ಹೊನ್ನಾಳಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಡಯಾಲಿಸಿಸ್ ಆಗಬೇಕು. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋದಾರು. ಬರುವಾಗ ಆ ಹಿಂಡಿ ಹಾಕಿದಂಥ ಜೀವ ಬಸ್ಸಿನ ಕಂಬಿ ಹಿಡಿದು ನಿಲ್ಲುವುದುಂಟೆ? ಹಾಗಾಗಿ ಆ ಮನೆಯಲ್ಲಿ ಜೀಪು ಕೆಮ್ಮಿದರೂ ಸಾಕು, ಜ್ಯೋತಿಲಕ್ಷ್ಮಿಯ ಎದೆ ಧಸಕ್ಕೆನ್ನುತ್ತಿತ್ತು.

ಜೀಪು ಮಾವ ಓಬಣ್ಣನದು. ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ರಸ್ತೆಗುಂಡಿಗಳನ್ನೆಲ್ಲ ಗುರುತು ಹಿಡಿಯಬಲ್ಲ ಆಸಾಮಿ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸ್ಟೇರಿಂಗ್ ಬಿಟ್ಟ, ಉಪದೇಶ ಬಿಡಲಿಲ್ಲ. ಗಂಡ ರಘುನಾಥ ಚನ್ನಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಮನೆ. ಮೇಲಾಗಿ ಅವನು ಗೇರು ಹಾಕಿದರೆ ಜೀಪೇ ಅಳುತ್ತದೆ ಎಂದು ಮಗಳು ಸಂಘಮಿತ್ರಾ ಆಡಿಕೊಳ್ಳುತ್ತಾಳೆ. ಉಳಿದವಳು ಜ್ಯೋತಿಲಕ್ಷ್ಮಿ. ಜಗಳೂರಿನ ಕಡೆಯವಳು, ತವರಿನಲ್ಲಿ ಅಪ್ಪ ಪಾಲಣ್ಣನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಸ್ಟೇರಿಂಗ್ ಅವಳ ಪಾಲಿಗೆ ಬಂತು. ಅತ್ತೆಯ ಜೊತೆಗೆ ಅದೇ ಊರಿನ ಕಲ್ಲಮ್ಮ, ಕ್ರಾಸಿನಲ್ಲಿ ಮಗನ ಬೈಕಿನಿಂದ ಇಳಿದು ಕಾಯುವ ಗೋವಿನಕೋವಿಯ ಗಾದ್ರಪ್ಪ. ಮೂರೂ ಜನಕ್ಕೆ ಒಂದೇ ಕಾಯಿಲೆ, ಒಂದೇ ಹೊತ್ತು, ಒಂದೇ ಗಾಡಿ.

ಸೋರುತ್ತಿದ್ದುದು ರೇಡಿಯೇಟರ್ ನೀರು. ಹೇಳಬಹುದಿತ್ತು. ಆದರೆ ಆ ಮನೆಯಲ್ಲಿ ಜೀಪಿನ ಮಾತೆತ್ತುವುದೆಂದರೆ ಜೇನುಹುಟ್ಟಿಗೆ ಕೈ ಹಾಕಿದಂತೆಯೇ ಸರಿ. ದಾವಣಗೆರೆಯ ಗ್ಯಾರೇಜಿಗೆ ಒಂದು ವಾರ ಬಿಟ್ಟು ಪೂರ್ತಿ ಬಿಚ್ಚಿಸೋಣ ಎಂದು ರಘುನಾಥ. ನನ್ನ ಎಂಜಿನ್ನಿಗೆ ಪರರ ಪಾನಾ ತಾಗಕೂಡದು ಎಂದು ಓಬಣ್ಣ. ಹಾಲಿನಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋದ ಕೆಳಗೇ ಕೂತು ಅಪ್ಪ ಮಗ ಹರಿಹಾಯುತ್ತಿದ್ದರು, ಉಡಚಮ್ಮ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಅವಳು ಒಂದು ತುತ್ತು ಬಿಟ್ಟರೂ ತೂಕ ನೋಡುವ ನರ್ಸು ಜ್ಯೋತಿಲಕ್ಷ್ಮಿಯನ್ನು ಕೇಳುತ್ತಾಳೆ.

ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಸಣ್ಣ ತೂತಿಗೆ ಅರಿಶಿನವೇ ಮದ್ದು ಎಂದು ಮಾವ ನೂರು ಸಲ ಹೇಳಿದ್ದ. ನೀರಿನ ಜೊತೆ ಸುತ್ತಿ ಸುತ್ತಿ ತೂತಿನಲ್ಲಿ ಹೋಗಿ ಕೂರುತ್ತದಂತೆ, ದಾರಿಯಲ್ಲಿ ಕೆಟ್ಟು ನಿಂತ ಎಷ್ಟೋ ಬಸ್ಸುಗಳನ್ನು ಅವನು ಹಾಗೇ ಊರು ಮುಟ್ಟಿಸಿದ್ದನಂತೆ. ಒಂದು ಚಮಚ ಅರಿಶಿನವನ್ನು ಲೋಟದ ನೀರಿಗೆ ಕದಡಿ, ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಸುರಿದಳು. ಮಾರನೆಯ ದಿನ ನೆಲ ಒಣಗಿತ್ತು. ಭಲೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಎರಡನೆಯ ವಾರ ಊಟಕ್ಕೆ ಕೂತಾಗ ಸಂಘಮಿತ್ರಾ ಸಾರನ್ನು ಸೌಟಿನಲ್ಲಿ ಎತ್ತಿ ಹಿಡಿದಳು. ಪಿಯುಸಿ ಓದುವ ಹುಡುಗಿ, ನಾಲಿಗೆ ಚುರುಕು.

"ಅಮ್ಮ, ಇದೇನು ಸಾರೋ ಗಂಜಿನೋ? ಬಣ್ಣನೇ ಇಲ್ವಲ್ಲ."

"ಅರಿಶಿನ ಮುಗಿದೈತೆ. ಮೊನ್ನೆ ತಾನೆ ಡಬ್ಬಿ ತುಂಬಿಸಿದ್ದೆ, ಅದೇನು ಕಾಲು ಬಂದು ಹೋಯ್ತೋ."

ಓಬಣ್ಣ ಮುದ್ದೆಯನ್ನು ಬಹಳ ಶ್ರದ್ಧೆಯಿಂದ ಮುರಿಯತೊಡಗಿದ. ರಘುನಾಥ, "ಮಜ್ಜಿಗೆ ಐತೇನೆ?" ಎಂದ. ಅವನು ಮಜ್ಜಿಗೆ ಕುಡಿಯುವವನೇ ಅಲ್ಲ. ಜ್ಯೋತಿಲಕ್ಷ್ಮಿಗೆ ಅದು ಹೊಳೆಯಲಿಲ್ಲ. ಅವಳ ಗಮನವೆಲ್ಲ ಅತ್ತೆಯ ತಟ್ಟೆಯ ಮೇಲೆ. ಬೇಯಿಸಿ ನೀರು ಬಸಿದ ಪಲ್ಯ, ಉಪ್ಪಿಲ್ಲದ ಸಾರು, ಎರಡೇ ಹಿಡಿ ಅನ್ನ. ಪಕ್ಕದಲ್ಲಿ ಸಣ್ಣ ಲೋಟದಲ್ಲಿ ನೀರು. ದಿನಕ್ಕೆ ಅಂಥ ಐದು ಲೋಟ, ಅದರ ಮೇಲೆ ಗುಟುಕೂ ಇಲ್ಲ.

"ಇದನ್ನ ತಿಂದು ಏನು ಬದುಕಬೇಕೋ" ಎಂದಳು ಉಡಚಮ್ಮ.

"ಹಂಗನ್ನಬ್ಯಾಡ್ರಿ ಅತ್ತೆ, ಇನ್ನೊಂದು ತುತ್ತು."

"ನಿನ್ನ ಕಾಟ ಒಂದು ನನಗೆ."

ಬೈಗುಳ ಬಂತೆಂದರೆ ಅತ್ತೆ ಗಟ್ಟಿಯಾಗಿದ್ದಾಳೆ ಎಂದೇ ಲೆಕ್ಕ. ಜ್ಯೋತಿಲಕ್ಷ್ಮಿ ಸಮಾಧಾನ ಪಟ್ಟುಕೊಂಡು ಇನ್ನೊಂದು ಪ್ಯಾಕೆಟ್ ಅರಿಶಿನ ತರಿಸಿದಳು. ನಾಲ್ಕು ದಿನಕ್ಕೆ ಅದೂ ಅರ್ಧಕ್ಕಿಳಿಯಿತು.

ಮೂರನೆಯ ವಾರದ ಶುಕ್ರವಾರ ಮಧ್ಯಾಹ್ನ, ಹೊನ್ನಾಳಿಯಿಂದ ವಾಪಸು ಬರುವಾಗ ಜೀಪು ಕೈಕೊಟ್ಟಿತು. ಮೊದಲು ಸುಟ್ಟ ಬೆಲ್ಲದಂಥ ವಾಸನೆ. ಆಮೇಲೆ ಎಂಜಿನ್ ಮೇಲೆ ಕಟಕಟ ಸದ್ದು. ಆಮೇಲೆ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದು ಎದುರಿನ ಗಾಜೆಲ್ಲ ಮಂಜಾಯಿತು. ಜ್ಯೋತಿಲಕ್ಷ್ಮಿ ನಾಲೆಯ ಪಕ್ಕದ ಬೇವಿನ ಮರದ ನೆರಳಿಗೆ ಗಾಡಿ ಸರಿಸಿ ಆಫ್ ಮಾಡಿದಳು.

"ಮುಚ್ಚಳ ಬಿಚ್ಚಬ್ಯಾಡ ತಾಯಿ, ಮುಖಕ್ಕೆ ಹಾರ್ತೈತೆ" ಎಂದ ಹಿಂದಿನಿಂದ ಗಾದ್ರಪ್ಪ.

"ಗೊತ್ತು ಕಣಣ್ಣ. ಅರ್ಧ ತಾಸು ಆರಬೇಕು."

"ಆರ್ಲಿ ಬಿಡು. ಮೂರು ಕೆಟ್ಟ ಎಂಜಿನ್ನು ಒಳಗೆ ಕೂತಾವೆ, ಮುಂದಿಂದೂ ಒಂದು ಸೇರ್ತು."

ನಗಬೇಕೆಂದು ಆಡಿದ ಮಾತು, ಯಾರೂ ನಗಲಿಲ್ಲ. ಬಿಸಿಲು ಸುಡುತ್ತಿತ್ತು. ಕಲ್ಲಮ್ಮನಿಗೆ ಡಯಾಲಿಸಿಸ್ ಆದ ದಿನವೆಲ್ಲ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಈಗ ಹಿಡಿದುಕೊಂಡಿತು. ಅಯ್ಯೋ ಎಂದು ಒಂದು ಸಲ ಕೂಗಿದವಳು ಸೀಟಿನ ಮೇಲೆ ಹಾಗೇ ವಾಲಿದಳು, ತುಟಿ ಬಿಳಿಚಿಕೊಂಡಿತು. ಜ್ಯೋತಿಲಕ್ಷ್ಮಿ ಹಿಂದಕ್ಕೆ ಓಡಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕಾಲು ನೀವಿದಳು, ಸೆರಗಿನಿಂದ ಗಾಳಿ ಹಾಕಿದಳು. "ಕಲ್ಲಮ್ಮತ್ತೆ, ಕಣ್ಣು ಬಿಡ್ರಿ. ಇಲ್ಲಿ ನೋಡ್ರಿ, ಕಣ್ಣು ಬಿಡ್ರಿ." ಅವಳು ಕಣ್ಣು ಬಿಡುವ ಹೊತ್ತಿಗೆ ಜ್ಯೋತಿಲಕ್ಷ್ಮಿಯ ಜೀವ ಬಾಯಿಗೆ ಬಂದಿತ್ತು.

ಎಂಜಿನ್ ಆರಿದ ಮೇಲೆ ಬಟ್ಟೆ ಸುತ್ತಿ ಮುಚ್ಚಳ ತೆಗೆದು, ನಾಲೆಯಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದು ಹೊಯ್ದಳು. ಒಂದು ಕ್ಯಾನು, ಎರಡು ಕ್ಯಾನು. ಮುಂದಿನ ಸೀಟಿನಿಂದ ಉಡಚಮ್ಮ ಅದನ್ನೇ ನೋಡುತ್ತಿದ್ದಳು.

"ಅದಕ್ಕೆ ಕ್ಯಾನುಗಟ್ಲೆ ಕುಡಿಸು. ನನಗೆ ಮಾತ್ರ ಲೋಟದಾಗೆ ಅಳತೆ."

ಎರಡೆರಡು ಮೈಲಿಗೊಮ್ಮೆ ನಿಲ್ಲಿಸಿ, ಆರಿಸಿ, ನೀರು ಹೊಯ್ದು ಮನೆ ಮುಟ್ಟುವಾಗ ನಾಲ್ಕು ದಾಟಿತ್ತು. ಅಷ್ಟು ಹೊತ್ತೂ ಉಡಚಮ್ಮ ಒಂದು ಸಲವೂ ಗಾಬರಿಯಾಗಲಿಲ್ಲ. ಕಲ್ಲಮ್ಮನನ್ನು ಅವಳ ಸೊಸೆ ಎತ್ತಿಕೊಂಡೇ ಒಳಗೆ ಹೋಗುವಾಗ ಮಾತ್ರ ಮುಖ ಆಚೆ ತಿರುಗಿಸಿದಳು.

ಶನಿವಾರ ರಘುನಾಥ ರಜೆ ಹಾಕಿದ. ಅಂಗಳದಲ್ಲಿ ಗೋಣಿಚೀಲ ಹಾಸಿ, ಪಾನಾಗಳನ್ನು ಸಾಲಾಗಿಟ್ಟು, ಓಬಣ್ಣ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ. ಮಂಗಳವಾರ ಬೆಳಗ್ಗೆ ಆರಕ್ಕೆ ಗಾಡಿ ಹೊರಡಬೇಕು, ಇರುವುದು ಮೂರೇ ದಿನ.

"ಎಂಜಿನ್ ಹೆಡ್ಡಿನ ಪ್ಯಾಕಿಂಗ್ ಹೋಗಿರ್ತೈತೆ. ಗ್ಯಾರೇಜಿಗೇ ಬೇಕು ಇದು" ಎಂದ ರಘುನಾಥ.

"ಬಾಯಿ ಮುಚ್ಚಿ ಆಯಿಲ್ ಕಡ್ಡಿ ಎಳಿ ಮೊದ್ಲು. ಪ್ಯಾಕಿಂಗ್ ಹೋಗಿದ್ರೆ ನೀರು ಸೇರಿ ಆಯಿಲ್ ಹಾಲಿನ ಚಾ ಆಗಿರ್ತೈತೆ."

ಜ್ಯೋತಿಲಕ್ಷ್ಮಿ ಕಡ್ಡಿ ಎಳೆದು ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ತೆಗೆದಳು. "ಕರ್ರಗೈತೆ ಮಾವ."

"ನೋಡ್ದೇನೋ ಗುಮಾಸ್ತ? ಎಂಜಿನ್ ಗಟ್ಟಿ ಐತೆ. ರೇಡಿಯೇಟರ್ ಇಳಿಸ್ರಿ."

ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ಪು ಸಡಿಲಿಸಿದರೆ ನೀರು ಧಾರೆಯಾಗಿ ಬರಬೇಕಿತ್ತು. ಬರಲಿಲ್ಲ. ರಘುನಾಥ ಕಡ್ಡಿಯಿಂದ ಕೆದಕಿದ. ಆಗ ಬಕೆಟ್ಟಿಗೆ ಲೊಳಕ್ಕೆಂದು ಬಿದ್ದದ್ದು ಹಳದಿ ಕೆಸರು. ಎಲ್ಲರೂ ಬಗ್ಗಿ ನೋಡಿದರು. ಅಂಗಳವೆಲ್ಲ ಕೆಟ್ಟ ಒಗ್ಗರಣೆಯ ವಾಸನೆ.

"ನಾನೇ ಹಾಕಿದ್ದು" ಎಂದ ಓಬಣ್ಣ, ಬಕೆಟ್ಟು ನೋಡುತ್ತಾ. "ಸೋರ್ತಿತ್ತು. ಹೇಳಿದ್ರೆ ಇವನು ಗ್ಯಾರೇಜು ಗ್ಯಾರೇಜು ಅಂತ ಕುಣೀತಾನಂತ ಒಂದು ಚಮಚ ಹಾಕ್ದೆ."

"ನೀನೂ ಹಾಕಿದ್ಯಾ?" ಎಂದ ರಘುನಾಥ.

"ನೀನೂ ಅಂದ್ರೆ?"

"ಅಲ್ಲಪ್ಪ... ನಿನಗೆ ಹೇಳಿದ್ರೆ ನೀನು ಇಡೀ ಗಾಡಿ ಬಿಚ್ಚಿ ಕೂರ್ತೀಯ ಅಂತ ನಾನೂ ಒಂದು ಚಮಚ..."

ಜ್ಯೋತಿಲಕ್ಷ್ಮಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ! ನೀವಿಬ್ರೂ ಜಗಳ ಆಡ್ತೀರಂತ ನಾನೂ ಹಾಕೀನಲ್ರೀ."

ಸಂಘಮಿತ್ರಾ ನಕ್ಕೂ ನಕ್ಕೂ ಜೀಪಿನ ಚಕ್ರಕ್ಕೆ ಒರಗಿ ಕೂತಳು. "ಅದಕ್ಕೇ ನಮಗೆ ಬಿಳೀ ಸಾರು. ಅಜ್ಜ, ಒಂದು ಒಗ್ಗರಣೆನೂ ಹಾಕ್ಬಿಡ್ಬೇಕಿತ್ತು."

ಮಗಳ ನಗುವಿಗೆ ಎಲ್ಲರಿಗೂ ನಗು ಬಂತು. ಮೂರು ವಾರದ ಮೇಲೆ ಅಪ್ಪ ಮಗ ಒಟ್ಟಿಗೆ ನಕ್ಕರು. ಓಬಣ್ಣ ಮಾತ್ರ ನಗುತ್ತಲೇ ಬಕೆಟ್ಟಿಗೆ ಕೈ ಹಾಕಿ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದ, ನಗು ನಿಂತಿತು.

"ಇದು ಮೂರು ಚಮಚ ಅಲ್ಲ. ಹಿಡಿಗಟ್ಲೆ ಐತೆ. ಯಾರು ಹಾಕಿದ್ರು, ನಿಜ ಹೇಳ್ರಿ."

"ನನ್ನ ಮ್ಯಾಲೇನು ಕಣ್ಣು ನಿಂದು? ಒಂದೇ ಚಮಚ ಅಂದ್ನಲ್ಲ" ಎಂದು ರಘುನಾಥ ಎದ್ದು ನಿಂತ.

"ಗಾಡಿ ತೊಲಗಲಿ ಅಂತ ಕಾಯೋನು ನೀನೊಬ್ಬನೇ ಈ ಮನ್ಯಾಗೆ."

"ನನ್ನವ್ವ ಕೂರೋ ಗಾಡಿಗೆ ನಾನು ಕಲ್ಲು ಹಾಕ್ತೀನಾ? ಏನು ಮಾತಾಡ್ತೀಯಪ್ಪ?"

ಮತ್ತೆ ಶುರುವಾಯಿತು. ಜಗುಲಿಯ ಮಂಚದಲ್ಲಿ ಉಡಚಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟು ಗಲಾಟೆಗೆ ಎದ್ದು ಇಬ್ಬರಿಗೂ ಬೈಯಬೇಕಾದವಳು ಕದಲಲಿಲ್ಲ.

ಓಬಣ್ಣ, ಸಂಘಮಿತ್ರಾ ಸೇರಿ ರೇಡಿಯೇಟರನ್ನು ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದರು. ರೇಡಿಯೇಟರ್ ಕೆಲಸದ ತಿಪ್ಪೇರುದ್ರ ಓಬಣ್ಣನಿಗೆ ಹಳೆಯ ಪರಿಚಯ. ಅವನು ನೋಡಿ, "ಏನು ಓಬಣ್ಣ, ಗಾಡಿಗೆ ಮದುವಿ ಏನು, ಅರಿಶಿನ ಹಚ್ಚಿಯಲ್ಲ?" ಎಂದು ಬಾಯಿ ತುಂಬ ನಕ್ಕನಂತೆ. ಮೇಲು ಕೆಳಗಿನ ಟ್ಯಾಂಕು ಬಿಚ್ಚಿ, ಒಂದೊಂದು ಕೊಳವೆಗೂ ಸಲಾಕೆ ಹಾಕಿ ತೆಗೆದು, ತೂತಿಗೆ ಬೆಸುಗೆ ಹಾಕಬೇಕು. ಸೋಮವಾರ ಬೆಳಗ್ಗೆಗೆ ಕೊಡ್ತೀನಿ ಎಂದನಂತೆ. ಸೋಮವಾರ ಎಂದರೆ ಕೊನೆಯ ದಿನ.

ರಘುನಾಥ ಸುಮ್ಮನಿರಲಿಲ್ಲ. ಲಗ್ನದ ದಿನಗಳು, ಬಾಡಿಗೆ ಕಾರಿನವರೆಲ್ಲ ಮದುವೆಗೆ ಹೋಗುವವರೇ. ನ್ಯಾಮತಿಯವನೊಬ್ಬ ಒಪ್ಪಿದ. ಸಂಜೆ ಊಟದ ಹೊತ್ತಿಗೆ ಹೇಳಿದ: "ಅವ್ವಾ, ಗಾಡಿ ಆಗದಿದ್ರೂ ಚಿಂತಿಲ್ಲ. ಕಾರು ಬರ್ತೈತೆ."

"ಬ್ಯಾಡ."

"ಯಾಕವ್ವ?"

"ಪರರ ಕಾರಿನಾಗೆ ವಾಂತಿ ಮಾಡ್ಕೊಂಡು ಮಾನ ಕಳಕೊಳ್ಳಾಕಾ? ಒಂದು ಸಲ ಬಿಟ್ರೆ ಏನೂ ಆಗಲ್ಲ. ಗಾಡಿ ಕೆಟ್ಟೈತೆ, ಬರಾಕೆ ಆಗಲ್ಲ ಅಂತ ಆಸ್ಪತ್ರೆಗೆ ಫೋನ್ ಮಾಡಿ ಹೇಳು."

"ಒಂದು ಸಲ ಬಿಟ್ರೆ ಏನಾಗ್ತೈತೆ ಅಂತ ಹೋದ ವರ್ಷ ನೋಡಿಲ್ವಾ? ಆಕ್ಸಿಜನ್ ಹಾಕ್ಸಿದ್ದು ಮರೆತ್ಯಾ?"

"ಮರೆತಿಲ್ಲ" ಎಂದು ಉಡಚಮ್ಮ ತಟ್ಟೆ ಸರಿಸಿದಳು. ಎಷ್ಟು ಹೇಳಿದರೂ ಅಷ್ಟೇ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹಟವೂ ಇರಲಿಲ್ಲ. ಕೆಲಸ ಮುಗಿಸಿ ಕೈತೊಳೆದುಕೊಂಡವರ ಧ್ವನಿ.

ಭಾನುವಾರ ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ಅತ್ತೆಯ ಕಂದು ಸೀರೆ ಕೈಗೆ ಬಂತು. ಸೆರಗಿನ ತುದಿಯಲ್ಲಿ, ಅವಳು ಎಲೆ ಅಡಿಕೆ ಗಂಟು ಹಾಕಿಕೊಳ್ಳುತ್ತಿದ್ದ ಜಾಗದಲ್ಲಿ, ಹಿಡಿಯಷ್ಟು ಅಗಲದ ಹಳದಿ ಕಲೆ. ಅತ್ತೆ ಅಡುಗೆ ಮಾಡುವುದು ಬಿಟ್ಟು ವರ್ಷವಾಗಿತ್ತು. ಜ್ಯೋತಿಲಕ್ಷ್ಮಿ ಒದ್ದೆ ಸೀರೆ ಹಿಡಿದುಕೊಂಡೇ ಜಗುಲಿಗೆ ಬಂದಳು. ಗಂಡಸರು ಎಂಜಿನ್ನಿನೊಳಗೆ ನೀರು ಬಿಟ್ಟು ತೊಳೆಯುತ್ತಿದ್ದರು, ಮಗಳು ಓದುತ್ತಿದ್ದಳು. ಅವಳು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಸೆರಗು ತೋರಿಸಿದಳು.

ಉಡಚಮ್ಮ ನೋಡಿದಳು. ಮುಚ್ಚಿಡಲು ಹೋಗಲಿಲ್ಲ.

"ಹೂಂ, ನಾನೇ ಹಾಕಿದ್ದು."

"ನೀವೂ ಸೋರೋದು ನಿಲ್ಲಲಿ ಅಂತ..."

"ಅಲ್ಲ. ಗಾಡಿ ನಿಲ್ಲಲಿ ಅಂತ." ಅವಳು ನಿಧಾನವಾಗಿ ಎದ್ದು ಕೂತಳು. "ಚಮಚ ಹಾಕಿದ್ರೆ ತೂತು ಮುಚ್ಚತೈತೆ, ಹಿಡಿ ಹಾಕಿದ್ರೆ ರೇಡಿಯೇಟರೇ ಮುಚ್ಚತೈತೆ. ಯಾವನೋ ಕ್ಲೀನರ್ ಹಂಗೆ ಹಾಕಿ ಬಸ್ಸು ಕೆಡಿಸಿದ್ದು ನಿಮ್ಮಾವ ನನಗೆ ಸಾವಿರ ಸಲ ಹೇಳ್ಯಾನೆ. ಎರಡು ಸಲ ಸೆರಗಿನಾಗೆ ಕಟ್ಕೊಂಡು ಹೋಗಿ ಹಾಕ್ದೆ."

"ಯಾಕತ್ತೆ?"

"ಸಾಕಾಗೈತವ್ವ. ಸೂಜಿ ಚುಚ್ಚಿಸ್ಕೊಂಡು ಸಾಕಾಗೈತೆ. ನೀರಿಗೆ ಬಾಯಿ ಬಿಡ್ತೀನಿ, ಅದೂ ಇಲ್ಲ. ವಾರಕ್ಕೆ ಎರಡು ದಿನ ನೀನು ಕೋಳಿ ಕೂಗೋಕೆ ಮುಂಚೆ ಏಳ್ತೀಯ. ಅವನು ರಜಾ ಹಾಕ್ತಾನೆ, ಮುದುಕ ರಿಪೇರಿ ಅಂತಾನೆ, ಮನೆ ತುಂಬ ನನ್ನ ರಂಪಾಟನೇ. ಬರಲ್ಲ ಅಂದ್ರೆ ನೀವು ಬಿಡಲ್ಲ, ಕಾಲು ಹಿಡೀತೀರಿ. ಗಾಡಿ ಕೆಟ್ರೆ ಯಾರದೂ ತಪ್ಪಿರಲ್ಲ ಅನ್ಕಂಡೆ."

ಜ್ಯೋತಿಲಕ್ಷ್ಮಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಕೆಂಡದಂಥ ಸಿಟ್ಟು. ಒಂದೂವರೆ ವರ್ಷ ತಾನು ಬಸಿದ ಪಲ್ಯ, ಅಳೆದ ನೀರು, ಮಳೆಗಾಲದ ಕತ್ತಲೆಯಲ್ಲಿ ಓಡಿಸಿದ ಗಾಡಿ, ಎಲ್ಲ ನೆನಪಾಯಿತು.

"ಅದರಾಗೆ ನೀವೊಬ್ರೇ ಇದ್ರಾ?" ಎಂದಳು. ಧ್ವನಿ ತಗ್ಗಿಸಿಯೇ ಹೇಳಿದಳು, ಆದರೆ ಒಂದೊಂದು ಮಾತೂ ಹಲ್ಲು ಕಚ್ಚಿ ಬಂತು. "ಕಲ್ಲಮ್ಮತ್ತೆ ಶುಕ್ರವಾರ ನನ್ನ ತೊಡೆ ಮ್ಯಾಲೆ ಹೋಗಿಬಿಡ್ತಿದ್ಲು. ಆಕೆಗೂ ಸಾಕಾಗಿತ್ತಾ? ಆಕೆನ ಕೇಳಿದ್ರಾ ನೀವು? ಗಾದ್ರಪ್ಪ ತನ್ನ ಮೊಮ್ಮಗನ ನಾಮಕರಣ ನೋಡ್ಬೇಕು ಅಂತ ದಿನ ಎಣಿಸ್ತಾನೆ."

ಉಡಚಮ್ಮ ಸೆರಗಿನ ಕಲೆಯನ್ನು ಬೆರಳಲ್ಲಿ ಉಜ್ಜಿದಳು. "ಅದೇ ನನಗೂ ಕೊರೀತೈತೆ. ಆಕೆ ಮುಖ ನೋಡಾಕೆ ಆಗ್ಲಿಲ್ಲ."

"ನೋಡ್ರಿ ಮತ್ತೆ!"

ಅಷ್ಟು ಹೇಳಿ ಎದ್ದು ಹೋದವಳು ಒಗೆಯುವ ಕಲ್ಲಿನ ಮೇಲೆ ಆ ಸೀರೆಯನ್ನು ಬಡಿದೂ ಬಡಿದೂ ಅತ್ತಳು. ಕಲೆ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ರಘುನಾಥ ಅವ್ವನ ಕಾಲಿಗೆ ಬಿದ್ದು ಗೋಳಾಡುತ್ತಿದ್ದ, ಮಾವ ಆ ಕುರ್ಚಿಯಿಂದ ಏಳುತ್ತಿರಲಿಲ್ಲ.

ಸೋಮವಾರವೂ ರಘುನಾಥ ರಜೆ ಹಾಕಿದ. ಹನ್ನೊಂದಕ್ಕೆ ರೇಡಿಯೇಟರ್ ಬಂತು. ಓಬಣ್ಣನ ಕೈ ನಡುಕ, ನಟ್ಟು ಹಿಡಿದರೆ ಜಾರುತ್ತಿತ್ತು. ಅವನು ಹೇಳಿದ, ಜ್ಯೋತಿಲಕ್ಷ್ಮಿ ಬಿಗಿದಳು. ಕ್ಲಿಪ್ಪು ಒಂದು ತುಂಡಾಯಿತು, ಸಂಘಮಿತ್ರಾ ಸೈಕಲ್ಲಿನಲ್ಲಿ ಹೋಗಿ ತಂದಳು. ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿದರು. ಗುಳ್ಳೆ ಎದ್ದರೆ ಎಂಜಿನ್ನೇ ಹೋಗಿದೆ ಎಂದರ್ಥ. ನಾಲ್ಕು ತಲೆಗಳು ಒಂದು ತೂತಿನ ಮೇಲೆ ಬಗ್ಗಿದವು. ಮೊದಲು ಎರಡು ಗುಳ್ಳೆ ಎದ್ದವು, ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

"ಒಳಗಿನ ಗಾಳಿ ಅದು. ನಿಲ್ತೈತೆ ನೋಡು" ಎಂದ ಓಬಣ್ಣ. ನಿಂತಿತು.

ತಿಪ್ಪೇರುದ್ರ ಶಾಖ ತೋರಿಸುವ ಮೀಟರೊಂದನ್ನು ಕೊಟ್ಟು ಕಳಿಸಿದ್ದ. ಜೀಪಿನ ಹಳೆಯ ಮೀಟರ್ ಸತ್ತು ಎಷ್ಟೋ ಕಾಲವಾಗಿ, ಅದಿಲ್ಲದೆಯೇ ಓಡಿಸುತ್ತಿದ್ದರು. ಹೊಸದರ ವೈರು ಮೋಟುದ್ದ, ಸ್ಟೇರಿಂಗ್ ಕಡೆಗೆ ಮುಟ್ಟಲಿಲ್ಲ. ರಘುನಾಥ ಅದನ್ನು ಎಡಗಡೆಯ ಸೀಟಿನ ಮುಂದೆ ಕೂರಿಸಿದ. ಓಡಿಸುವವರಿಗೆ ಕಾಣುವುದಿಲ್ಲ. ಮುಂದಿನ ವಾರ ಸರಿ ಮಾಡೋಣ ಎಂದ.

ಮಂಗಳವಾರ ಬೆಳಗ್ಗೆ ಐದೂವರೆಗೆ ಜೀಪು ಚಾಲೂ ಆಗಿ ಗುರುಗುಡುತ್ತಿತ್ತು. ಉಡಚಮ್ಮ ಮಂಚದ ಮೇಲೆ ಕೂತಿದ್ದಳು, ಸೀರೆ ಬದಲಿಸಿರಲಿಲ್ಲ. ಕಾಲು ಆಗಲೇ ಬಾತಿತ್ತು, ಒತ್ತಿದರೆ ಗುಂಡಿ ಬೀಳುವಂತಿತ್ತು. ಮಗ ಕೇಳಿದ, ಮೊಮ್ಮಗಳು ಕೇಳಿದಳು. ಓಬಣ್ಣ ಗ್ರೀಸ್ ಮೆತ್ತಿದ ಕೈಯನ್ನು ಒರೆಸುತ್ತಾ ಬಾಗಿಲಲ್ಲಿ ನಿಂತು, "ಗಾಡಿ ರೆಡಿ ಮಾಡೀನಲ್ಲ, ಇನ್ನೇನು ಬೇಕು ನಿನಗೆ?" ಎಂದ. ಅವಳು ತಲೆ ಅಲ್ಲಾಡಿಸಿದಳು.

ಜ್ಯೋತಿಲಕ್ಷ್ಮಿ ಒಳಗೆ ಬಂದಳು. "ನೀವೆಲ್ಲ ಆಚೆ ಹೋಗ್ರಿ ಸ್ವಲ್ಪ" ಎಂದಳು. ಅವರು ಹೋದ ಮೇಲೆ ಅತ್ತೆಯ ಎದುರು ನಿಂತಳು.

"ನಾನು ಕಾಲು ಹಿಡಿಯಲ್ಲ ಅತ್ತೆ. ನೀವು ಬಂದ್ರೂ ಗಾಡಿ ಹೋಗ್ತೈತೆ, ಬರದಿದ್ರೂ ಹೋಗ್ತೈತೆ. ಕಲ್ಲಮ್ಮತ್ತೆ ಬಾಗಿಲಾಗೆ ಕೂತಾಳೆ."

ಉಡಚಮ್ಮ ಬಾಗಿಲ ಕಡೆ ನೋಡಿದಳು.

"ಆದ್ರೆ ನನಗೆ ಭಯ ಐತೆ. ಈಗ ಮಾಡಿದ ರಿಪೇರಿ, ದಾರ್‍ಯಾಗೆ ಏನಾಗ್ತೈತೋ ಗೊತ್ತಿಲ್ಲ. ಮೀಟರ್ ನಿಮ್ಮ ಸೀಟಿನ ಕಡೆ ಐತೆ, ನನಗೆ ಕಾಣಲ್ಲ. ಕಲ್ಲಮ್ಮತ್ತೆಗೆ ಕಣ್ಣು ಮಬ್ಬು, ಗಾದ್ರಪ್ಪ ಕೂತ ತಕ್ಷಣ ಗೊರಕೆ ಹೊಡೀತಾನೆ. ಮುಳ್ಳು ಕೆಂಪಿಗೆ ಬಂದ್ರೆ ನಿಲ್ಲಿಸು ಅನ್ನಾಕೆ ಒಬ್ರು ಬೇಕು."

"ಮಿತ್ರಾನ್ನ ಕರ್ಕೊಂಡು ಹೋಗು."

"ಆಕೆಗೆ ಇವತ್ತು ಪರೀಕ್ಷೆ." ಅದು ನಿಜವೇ ಆಗಿತ್ತು. "ಅವರಿಬ್ರನ್ನ ಮುಟ್ಟಿಸಾಕೆ ಬರ್ರಿ. ಆಸ್ಪತ್ರೆ ಬಾಗಿಲಾಗೆ ನೀವು ಗಾಡಿಯಿಂದ ಇಳೀತೀರೋ ಇಲ್ಲೋ, ನಾನು ಕೇಳಲ್ಲ. ನನ್ನಾಣೆಗೂ ಕೇಳಲ್ಲ."

ಜ್ಯೋತಿಲಕ್ಷ್ಮಿ ಹೊರಗೆ ಬಂದು ಸ್ಟೇರಿಂಗ್ ಮುಂದೆ ಕೂತಳು. ಐದು ನಿಮಿಷವಾಯಿತು. ಆಮೇಲೆ ಹೊಸಿಲು ದಾಟಿ ಉಡಚಮ್ಮ ಬಂದಳು, ಹಳೆಯ ಸೀರೆಯಲ್ಲೇ. ಓಬಣ್ಣ ಕೈ ಕೊಡಲು ಹೋದರೆ, "ಗ್ರೀಸ್ ಕೈ ತಗದು ಆಚೆಗಿಡು" ಎಂದು ತಾನೇ ಕಂಬಿ ಹಿಡಿದು ಹತ್ತಿದಳು.

ಕಲ್ಲಮ್ಮ ಹತ್ತಿದಳು. ಕ್ರಾಸಿನಲ್ಲಿ ಗಾದ್ರಪ್ಪ ಹತ್ತಿದ, ಹೇಳಿದಂತೆಯೇ ನಿದ್ದೆ ಹೋದ. ಉಡಚಮ್ಮ ಮೀಟರಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಉಸಿರು ಸಣ್ಣಗೆ ಮೇಲಕ್ಕೆಳೆಯುತ್ತಿತ್ತು. ಏರು ರಸ್ತೆ ಶುರುವಾಯಿತು, ಮುಂದೊಂದು ಹುಲ್ಲಿನ ಟ್ರ್ಯಾಕ್ಟರ್, ಎರಡನೆಯ ಗೇರಿನಲ್ಲೇ ಎಳೆಯಬೇಕು. ಎಂಜಿನ್ ಸದ್ದು ದಪ್ಪಗಾಯಿತು.

"ಅತ್ತೆ, ಎಲ್ಲೈತೆ?"

ಉಡಚಮ್ಮ ಮೀಟರಿನ ಕಡೆಗೆ ಇನ್ನಷ್ಟು ಬಗ್ಗಿದಳು.

"ಅತ್ತೆ! ನಿಲ್ಲಿಸ್ಲಾ?"

ನಿಲ್ಲಿಸು ಎಂದರೆ ಅವಳು ನಿಲ್ಲಿಸುತ್ತಿದ್ದಳು. ಒಂದು ಮಾತು ಸಾಕಿತ್ತು. ಎಂಜಿನ್ ಆರಲು ಅರ್ಧ ತಾಸು, ನೀರು ಹೊಯ್ದು ಮತ್ತೆ ಹೊರಡುವಷ್ಟರಲ್ಲಿ ಏಳರ ಪಾಳಿ ತಪ್ಪುತ್ತಿತ್ತು, ಯಾರದೂ ತಪ್ಪಿರುತ್ತಿರಲಿಲ್ಲ.

"ಕೆಂಪಿನ ಈಚೆಗೇ ಐತೆ" ಎಂದಳು ಉಡಚಮ್ಮ ಉಸಿರು ಕೂಡಿಸಿಕೊಂಡು. "ಏರು ಮುಗೀಲಿ, ಇಳೀತೈತೆ. ನಡಿ."

ಏರು ಮುಗಿಯಿತು. ಟ್ರ್ಯಾಕ್ಟರ್ ಬದಿಗೆ ಸರಿಯಿತು. ಜ್ಯೋತಿಲಕ್ಷ್ಮಿ ಮೂರನೆಯ ಗೇರಿಗೆ ಹಾಕಿ ಕೇಳಿದಳು.

"ಶುಕ್ರವಾರ?"

"ಶುಕ್ರವಾರದ್ದು ಶುಕ್ರವಾರ. ಏಳಕ್ಕೆ ನಮ್ಮನ್ನ ಮುಟ್ಟಿಸು ಮೊದ್ಲು" ಎಂದಳು ಉಡಚಮ್ಮ. "ನೀನು ರಸ್ತೆ ನೋಡು, ಮುಳ್ಳು ನಾನು ನೋಡ್ತೀನಿ."